ಉರಿದ ವಾದ್ಯಗಳು ಮತ್ತು ನಮ್ಮ ಮೌನ

2023ರ ಜುಲೈ ತಿಂಗಳ ಕೊನೆಯಲ್ಲಿ ಅಫ್ಘಾನಿಸ್ತಾನದ ಹೆರಾತ್ ಪ್ರಾಂತದಲ್ಲಿ ತಾಲಿಬಾನ್ ಅಧಿಕಾರಿಗಳು ಸಂಗೀತ ವಾದ್ಯಗಳನ್ನು ರಾಶಿ ಹಾಕಿ ಬೆಂಕಿ ಹಚ್ಚಿದರು. ಹಾರ್ಮೋನಿಯಂ, ತಬಲಾ, ಗಿಟಾರ್, ಧ್ವನಿವರ್ಧಕಗಳು ಆ ರಾಶಿಯಲ್ಲಿದ್ದುವು. ಅವುಗಳಲ್ಲಿ ಹೆಚ್ಚಿನವು ಮದುವೆ ಸಭಾಂಗಣಗಳಿಂದ ವಶಪಡಿಸಿಕೊಂಡವು. ಸಂಗೀತವು ನೈತಿಕ ಅಧಃಪತನಕ್ಕೆ ಕಾರಣವಾಗುತ್ತದೆ, ಯುವಕರನ್ನು ದಾರಿ ತಪ್ಪಿಸುತ್ತದೆ ಎಂಬುದು ಅಧಿಕಾರಿಗಳು ನೀಡಿದ ಸಮರ್ಥನೆ. ಆ ಬೆಂಕಿಯ ಚಿತ್ರ ಜಗತ್ತಿನ ಮಾಧ್ಯಮಗಳಲ್ಲೆಲ್ಲ ಪ್ರಕಟವಾಯಿತು. ಇಸ್ಲಾಮ್ ಎಂದರೆ ಇದೇ ಎಂದು ಬೆರಳು ತೋರಿಸಲು ಕಾದು ಕುಳಿತವರಿಗೆ ಇನ್ನೊಂದು ಸಾಕ್ಷ್ಯ ದೊರೆಯಿತು. ಆದರೆ ನಮ್ಮ ಸಮುದಾಯದ ವೇದಿಕೆಗಳಲ್ಲಿ ಆ ಬಗ್ಗೆ ಹೆಚ್ಚೇನೂ ಚರ್ಚೆ ನಡೆಯಲಿಲ್ಲ. ಸಂಗೀತದ ಪರವಾಗಿ ಮಾತಾಡಿದರೆ ಧರ್ಮದ ವಿರುದ್ಧ ಮಾತಾಡಿದಂತಾದೀತು ಎಂಬ ಅಳುಕು ಕೆಲವರಿಗಾದರೆ, ತಾಲಿಬಾನನ್ನು ಟೀಕಿಸಿದರೆ ಅಮೇರಿಕದ ಪಾಳಯ ಸೇರಿದಂತಾದೀತು ಎಂಬ ಶಂಕೆ ಇನ್ನು ಕೆಲವರಿಗೆ. ಈ ಎರಡೂ ಭಯಗಳಿಂದ ಹೊರಬಂದು ವಿಷಯವನ್ನು ಪರಿಶೀಲಿಸುವ ಅಗತ್ಯವಿದೆಯೆಂದು ನಾವು ಭಾವಿಸುತ್ತೇವೆ.

ಹೆರಾತ್ ಎಂಬ ಹೆಸರು ಮದ್ರಸಗಳಲ್ಲಿ ಕಲಿತವರಿಗೆ ಅಪರಿಚಿತವಲ್ಲ. ಅರಬಿ ವ್ಯಾಕರಣದ ಹಾದಿಯಲ್ಲಿ 'ಶರಹ್ ಜಾಮೀ'ಯನ್ನು ದಾಟಿ ಬಂದ ವಿದ್ಯಾರ್ಥಿಗಳು ಅಸಂಖ್ಯ. ಅದರ ಕರ್ತೃ ಮೌಲಾನಾ ಅಬ್ದುರ್ರಹ್ಮಾನ್ ಜಾಮೀ(ರ) 1492ರಲ್ಲಿ ನಿಧನರಾದುದು ಹೆರಾತಿನಲ್ಲಿ. ವ್ಯಾಕರಣ, ತಸವ್ವುಫ್ ಮತ್ತು ಕಾವ್ಯಗಳ ಜೊತೆಗೆ ಸಂಗೀತಶಾಸ್ತ್ರದ ಕುರಿತೂ ಅವರು ಒಂದು ಗ್ರಂಥವನ್ನು ರಚಿಸಿದ್ದರು ಎಂಬ ಸಂಗತಿ ನಮ್ಮ ತರಗತಿಗಳಲ್ಲಿ ಪ್ರಸ್ತಾಪವಾಗುವುದು ಕಡಿಮೆ. ಹೆರಾತಿನ ಪೂರ್ವಕ್ಕೆ ಹರೀರೂದ್ ನದಿಯ ಕಣಿವೆಯಲ್ಲಿ ಚಿಶ್ತ್ ಎಂಬ ಊರಿದೆ. ಅಜ್ಮೀರಿನ ಖ್ವಾಜಾ ಮುಈನುದ್ದೀನ್(ರ) ಮತ್ತು ನಮ್ಮ ಕಲಬುರಗಿಯ ಖ್ವಾಜಾ ಬಂದೇ ನವಾಝ್(ರ) ಸೇರಿದ ಸಿಲ್ಸಿಲಾಕ್ಕೆ ಚಿಶ್ತಿಯಾ ಎಂಬ ಹೆಸರು ಬಂದುದು ಆ ಊರಿನಿಂದಲೇ. ಭಕ್ತಿಗೀತೆಗಳನ್ನು ಆಲಿಸುವ 'ಸಮಾ' ಎಂಬ ಕೂಟ ಆ ಸಿಲ್ಸಿಲಾದ ಗುರುತಾಗಿತ್ತು. ಅದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಅಂದೂ ಇತ್ತು, ಇಂದೂ ಇದೆ. ಆದರೆ ಆ ಪ್ರಾಂತದಲ್ಲಿ ಸಂಗೀತವೆಂಬುದು ವಿದೇಶೀಯರು ವಿಮಾನದಲ್ಲಿ ತಂದು ಇಳಿಸಿದ ಸರಕು ಎಂಬ ವಾದವನ್ನು ಒಪ್ಪಲು ಇತಿಹಾಸ ಬಿಡುವುದಿಲ್ಲ.

ಕಾಬೂಲಿನ ಸಂಗೀತದ ಕತೆಯೂ ನಮ್ಮಿಂದ ದೂರದ್ದಲ್ಲ. 19ನೇ ಶತಮಾನದ ಅರುವತ್ತರ ದಶಕದಲ್ಲಿ ಅಮೀರ್ ಶೇರ್ ಅಲೀ ಖಾನ್ ಭಾರತದಿಂದ ಸಂಗೀತಗಾರರನ್ನು ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಬಾಲಾ ಹಿಸ್ಸಾರ್ ಕೋಟೆಯ ಸಮೀಪ ಹಳೆಯ ನಗರದಲ್ಲಿ ಅವರ ಕುಟುಂಬಗಳು ನೆಲೆಸಿದ ಕೇರಿಗೆ ಖರಾಬಾತ್ ಎಂದು ಹೆಸರಾಯಿತು. ಅಲ್ಲಿಯ ಉಸ್ತಾದರು ರಾಗ ಮತ್ತು ತಾಳಗಳ ಹಿಂದೂಸ್ತಾನಿ ಶಿಸ್ತನ್ನು ಫಾರ್ಸಿ ಗಝಲ್‌ಗಳಿಗೂ ಪಷ್ತೂನ್ ಜನಪದ ಧಾಟಿಗಳಿಗೂ ಹೊಂದಿಸಿ ಹೊಸತೊಂದು ಶೈಲಿಯನ್ನೇ ಕಟ್ಟಿದರು. ಅಮಾನುಲ್ಲಾ ಖಾನ್ ದೊರೆಯ ಕಾಲದ ಉಸ್ತಾದ್ ಕಾಸಿಮ್ ಅವರನ್ನು ಅಫ್ಘಾನ್ ಸಂಗೀತದ ಪಿತಾಮಹ ಎಂದು ಕರೆಯಲಾಗುತ್ತದೆ. 1983ರಲ್ಲಿ ನಿಧನರಾದ ಉಸ್ತಾದ್ ಮುಹಮ್ಮದ್ ಹುಸೈನ್ ಸರಾಹಂಗ್ ಪಟಿಯಾಲಾ ಘರಾಣೆಯ ಉಸ್ತಾದ್ ಆಶಿಕ್ ಅಲೀ ಖಾನರ ಬಳಿ ವರ್ಷಗಟ್ಟಲೆ ಕಲಿತವರು. ಅವರು ಬಾಳಿನುದ್ದಕ್ಕೂ ಹಾಡಿದ್ದು ಮಿರ್ಝಾ ಬೇದಿಲ್‌ರ ಗಝಲ್‌ಗಳನ್ನು. ಬೇದಿಲ್ ದಿಲ್ಲಿಯಲ್ಲಿ ಬದುಕಿ 1720ರಲ್ಲಿ ದಿಲ್ಲಿಯಲ್ಲೇ ಮಣ್ಣಾದ ಕವಿ. ಭಾರತ ಬಹುಮಟ್ಟಿಗೆ ಮರೆತ ಕವಿಯನ್ನು ಕಾಬೂಲು ತನ್ನ ಕಂಠದಲ್ಲಿ ಉಳಿಸಿಕೊಂಡಿತು.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಾಗಿರಲಿಲ್ಲ. ಅಫ್ಘಾನರ ರಾಷ್ಟ್ರೀಯ ವಾದ್ಯವಾದ ರಬಾಬನ್ನು ಹಿಪ್ಪುನೇರಳೆ ಮರದ ಒಂದೇ ತುಂಡಿನಿಂದ ಕೊರೆದು ಮಾಡುತ್ತಾರೆ. ಅದರ ಹೊಟ್ಟೆಗೆ ಆಡಿನ ಚರ್ಮ ಬಿಗಿಯುತ್ತಾರೆ. ಬೆರಳಿಗೆ ಸಿಗುವ ಮುಖ್ಯ ತಂತಿಗಳು ಮೂರು. ಅವುಗಳ ಕೆಳಗೆ ಹತ್ತಕ್ಕೂ ಹೆಚ್ಚು ತಂತಿಗಳು ತಾವಾಗಿಯೇ ಮಿಡಿಯುತ್ತಿರುತ್ತವೆ. ಈ ರಬಾಬ್ ಪಠಾಣ ಸೈನಿಕರು ಮತ್ತು ಕುದುರೆ ವ್ಯಾಪಾರಿಗಳ ಜೊತೆಗೆ ಭಾರತಕ್ಕೆ ಬಂದು, ಇಲ್ಲಿ ಲೋಹದ ತಂತಿ ಮತ್ತು ಲೋಹದ ಹಲಗೆ ಪಡೆದು ಸರೋದ್ ಆಯಿತು. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ನೆಲೆಸಿ, 2024ರ ಜೂನ್‌ನಲ್ಲಿ ಅಗಲಿದ ಪಂಡಿತ್ ರಾಜೀವ್ ತಾರಾನಾಥರ ಸರೋದನ್ನು ಕನ್ನಡಿಗರು ದಶಕಗಳ ಕಾಲ ಆಲಿಸಿದ್ದಾರೆ. ಆ ನಾದದ ಮೂಲವನ್ನು ಹುಡುಕಿ ಹೊರಟವರು ತಲುಪುವುದು ಅಫ್ಘಾನಿಸ್ತಾನವನ್ನೇ.

ಇಂತಹ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದುದು ಹೇಗೆ? ಪುಸ್ತಕದಿಂದಲ್ಲ. ಉಸ್ತಾದ್ ಮತ್ತು ಶಾಗಿರ್ದ್ ಎಂಬ ಸಂಬಂಧದಿಂದ. ಶಿಷ್ಯನು ಗುರುವಿನ ಮುಂದೆ ಕುಳಿತು, ಕೇಳಿ, ನುಡಿಸಿ, ತಪ್ಪಿ, ತಿದ್ದಿಸಿಕೊಂಡು ವರ್ಷಗಳ ಕಾಲ ಕಲಿಯುತ್ತಾನೆ. ಖರಾಬಾತಿನಲ್ಲಿ ಶಿಷ್ಯನ ಮಣಿಕಟ್ಟಿಗೆ ದಾರ ಕಟ್ಟಿ ಗುರು ಅವನನ್ನು ಸ್ವೀಕರಿಸುವ ಕ್ರಮವಿತ್ತು. ಹಿಫ್ಝ್ ತರಗತಿಯಲ್ಲಿ ಉಸ್ತಾದರ ಮುಂದೆ ಮೊಣಕಾಲೂರಿ ಕುಳಿತು ಪಾಠ ಒಪ್ಪಿಸಿದವರಿಗೆ ಈ ಕಲಿಕೆಯ ವಿಧಾನವನ್ನು ವಿವರಿಸಬೇಕಾಗಿಲ್ಲ. ವಸ್ತು ಬೇರೆ, ಅದರ ಸ್ಥಾನಮಾನವೂ ಬೇರೆ. ಎರಡನ್ನೂ ಸರಿಸಮ ಎನ್ನುವ ದುಸ್ಸಾಹಸ ನಮ್ಮದಲ್ಲ. ಆದರೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹೋಗುವ ವಿದ್ಯೆಯಲ್ಲಿ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಕಳೆದುಹೋಗುತ್ತದೆ ಎಂಬ ಸತ್ಯ ಎರಡಕ್ಕೂ ಅನ್ವಯಿಸುತ್ತದೆ.

ಆ ಸಮಾಜದ ಒಂದು ದೋಷವನ್ನೂ ಇಲ್ಲಿ ಹೇಳಲೇಬೇಕು. ಅಫ್ಘಾನರು ಸಂಗೀತಗಾರರನ್ನು 'ಶೌಕೀ' ಮತ್ತು 'ಕಸ್ಬೀ' ಎಂದು ಎರಡಾಗಿ ವಿಂಗಡಿಸುತ್ತಾರೆ. ಹವ್ಯಾಸಕ್ಕಾಗಿ ನುಡಿಸುವ ಶೌಕೀಗೆ ಗೌರವವಿದೆ. ಅದನ್ನೇ ಕುಲಕಸುಬಾಗಿಸಿಕೊಂಡ ಕಸ್ಬೀ ಕುಟುಂಬಗಳನ್ನು ಕೀಳಾಗಿ ಕಾಣಲಾಗುತ್ತಿತ್ತು. ಹಲವೆಡೆ ಕ್ಷೌರಿಕ ಮನೆತನಗಳೇ ಡೋಲು ಮತ್ತು ಶಹನಾಯಿಯಂತಹ ವಾದ್ಯಗಳನ್ನೂ ನುಡಿಸುತ್ತಿದ್ದುವು. ಅಂಥವರೊಂದಿಗೆ ವೈವಾಹಿಕ ಸಂಬಂಧ ಬೆಳೆಸಲು ಇತರರು ಹಿಂಜರಿಯುತ್ತಿದ್ದರು. ಮದುವೆಗೆ ಅವರ ವಾದ್ಯ ಬೇಕು, ಮನೆಗೆ ಅವರ ಮಗಳು ಬೇಡ! ತಖ್ವಾದ ಹೊರತು ಯಾವ ಶ್ರೇಷ್ಠತೆಯನ್ನೂ ಅಂಗೀಕರಿಸದ ಧರ್ಮದ ಅನುಯಾಯಿಗಳಲ್ಲಿ ಈ ಮೇಲು ಕೀಳು ಹೇಗೆ ಬಂತು ಎಂದು ಬೇರೆಯವರನ್ನು ಕೇಳುವ ಮೊದಲು ನಮ್ಮ ಮೊಹಲ್ಲಾಗಳ ಕಡೆಗೂ ಒಮ್ಮೆ ನೋಡುವುದೊಳಿತು. ವಾದ್ಯಗಳ ಮೇಲೆ ನಿಷೇಧ ಬಿದ್ದಾಗ ಮೊದಲು ಬೀದಿಗೆ ಬಿದ್ದವರು ಈ ಕಸ್ಬೀ ಕುಟುಂಬಗಳೇ. ಶೌಕೀಗೆ ಬೇರೆ ಉದ್ಯೋಗವಿತ್ತು. ಇವರಿಗೆ ಇದ್ದುದು ಇದೊಂದೇ.

ಈ ಪರಂಪರೆಗೆ ಬಿದ್ದ ಏಟು ಒಂದೆರಡಲ್ಲ. 1978ರ ಕ್ರಾಂತಿಯ ನಂತರ ಕಮ್ಯುನಿಸ್ಟ್ ಸರಕಾರ ಕಲಾವಿದರನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. 1992ರಿಂದ 1996ರವರೆಗೆ ಮುಜಾಹಿದ್ ಬಣಗಳು ಕಾಬೂಲಿಗಾಗಿ ಪರಸ್ಪರ ಕಾದಾಡಿದಾಗ ಖರಾಬಾತ್ ಕೇರಿ ರಾಕೆಟ್ ದಾಳಿಗೆ ಸಿಲುಕಿ ಅವಶೇಷವಾಯಿತು. ಉಸ್ತಾದರು ಪೇಶಾವರಕ್ಕೆ ಓಡಿದರು. 1996ರಲ್ಲಿ ಬಂದ ತಾಲಿಬಾನ್ ವಾದ್ಯಸಂಗೀತವನ್ನು ಪೂರ್ಣವಾಗಿ ನಿಷೇಧಿಸಿತು. ತನಿಖಾ ಠಾಣೆಗಳ ಕಂಬಗಳಲ್ಲಿ ಕ್ಯಾಸೆಟ್‌ಗಳ ಟೇಪುಗಳು ನೇತಾಡುತ್ತಿದ್ದ ದೃಶ್ಯ ಆ ಐದು ವರ್ಷಗಳ ಗುರುತಾಯಿತು. ಆಗಲೂ ಕಾಬೂಲ್ ಆಕಾಶವಾಣಿಯ ನೌಕರರು ಹಳೆಯ ಧ್ವನಿಮುದ್ರಣಗಳನ್ನು ಗೋಡೆಯ ಹಿಂದೆ ಅಡಗಿಸಿಟ್ಟು ಉಳಿಸಿದರು. ಇನ್ನೊಂದು ವಿಷಯವನ್ನು ಗಮನಿಸಬೇಕು. ವಾದ್ಯವಿಲ್ಲದೆ ಹಾಡುವ 'ತರಾನಾ'ಗಳಿಗೆ ತಾಲಿಬಾನ್ ಅನುಮತಿ ನೀಡಿತ್ತು. ತಮ್ಮ ಯೋಧರನ್ನು ಹುರಿದುಂಬಿಸಲು ಅವನ್ನು ಹೇರಳವಾಗಿ ಬಳಸಿಕೊಂಡಿತು ಕೂಡಾ. ಸ್ವರಕ್ಕೆ ಮನುಷ್ಯನನ್ನು ಅಲುಗಾಡಿಸುವ ಶಕ್ತಿಯಿದೆ ಎಂಬುದು ಅವರಿಗೂ ಚೆನ್ನಾಗಿ ತಿಳಿದಿತ್ತು.

2001ರ ನಂತರ ಕೆಲವರು ಮುರಿದ ಕೊಂಡಿಗಳನ್ನು ಜೋಡಿಸಲು ಹೊರಟರು. 2003ರಲ್ಲಿ ಆಗಾ ಖಾನ್ ಸಂಸ್ಥೆಯ ನೆರವಿನಿಂದ ಕಾಬೂಲಿನಲ್ಲಿ ಉಸ್ತಾದ್–ಶಾಗಿರ್ದ್ ಪದ್ಧತಿಯ ಶಾಲೆ ಆರಂಭವಾಯಿತು. 2010ರಲ್ಲಿ ಡಾ. ಅಹ್ಮದ್ ಸರ್ಮಸ್ತ್ ಅಫ್ಘಾನಿಸ್ತಾನ್ ರಾಷ್ಟ್ರೀಯ ಸಂಗೀತ ಸಂಸ್ಥೆಯನ್ನು ತೆರೆದರು. ಅನಾಥ ಮಕ್ಕಳಿಗೂ ಬೀದಿಯಲ್ಲಿ ದುಡಿಯುತ್ತಿದ್ದ ಮಕ್ಕಳಿಗೂ ಅಲ್ಲಿ ಪ್ರವೇಶವಿತ್ತು. ಹುಡುಗಿಯರು ಕಲಿತರು. 'ಝೊಹ್ರಾ' ಎಂಬ ಅವರ ವಾದ್ಯವೃಂದ 2017ರಲ್ಲಿ ದಾವೋಸ್‌ನಲ್ಲಿ ಕಾರ್ಯಕ್ರಮ ನೀಡಿತು. 2014ರ ಡಿಸೆಂಬರ್‌ನಲ್ಲಿ ಕಾಬೂಲಿನ ಒಂದು ರಂಗಪ್ರದರ್ಶನದಲ್ಲಿ ಆತ್ಮಾಹುತಿ ದಾಳಿ ನಡೆದು ಸರ್ಮಸ್ತ್ ತೀವ್ರವಾಗಿ ಗಾಯಗೊಂಡರು. ಅವರ ಕಿವಿಯ ತಮಟೆಗಳೇ ಹರಿದುಹೋದುವು. ಚಿಕಿತ್ಸೆ ಮುಗಿಸಿ ಅವರು ಮತ್ತೆ ಶಾಲೆಗೆ ಮರಳಿದರು.

2021ರ ಆಗಸ್ಟ್ 15ರಂದು ಕಾಬೂಲು ತಾಲಿಬಾನ್ ವಶವಾದಾಗ ಇದೆಲ್ಲವೂ ನಿಂತಿತು. ಅದೇ ತಿಂಗಳ ಕೊನೆಯಲ್ಲಿ ಬಘ್ಲಾನ್ ಪ್ರಾಂತದ ಅಂದರಾಬ್ ಕಣಿವೆಯಲ್ಲಿ ಜನಪದ ಗಾಯಕ ಫವಾದ್ ಅಂದರಾಬಿಯನ್ನು ಮನೆಯಿಂದ ಹೊರಗೆಳೆದು ಗುಂಡಿಕ್ಕಿ ಕೊಲ್ಲಲಾಯಿತು. ಕೊಂದವರು ತಾಲಿಬಾನ್ ಹೋರಾಟಗಾರರು ಎಂದು ಕುಟುಂಬ ಹೇಳಿತು. ತನಿಖೆ ನಡೆಸುವುದಾಗಿ ತಾಲಿಬಾನ್ ವಕ್ತಾರರು ಹೇಳಿದರು. ಆತ ನುಡಿಸುತ್ತಿದ್ದುದು ಘಿಚಕ್ ಎಂಬ ಬಿಲ್ಲುವಾದ್ಯ. ಹಾಡುತ್ತಿದ್ದುದು ತನ್ನ ಕಣಿವೆ ಮತ್ತು ನಾಡಿನ ಹಾಡುಗಳನ್ನು. ಸಂಗೀತ ಸಂಸ್ಥೆಯ 273 ಮಂದಿ ದೋಹಾ ಮೂಲಕ ಪೋರ್ಚುಗಲ್ ಸೇರಿದರು. ಬ್ರಾಗಾ ನಗರದಲ್ಲಿ ಆ ಮಕ್ಕಳ ಕಲಿಕೆ ಮುಂದುವರಿಯಿತು. ಇನ್ನು ಹಲವರು ಪೇಶಾವರಕ್ಕೆ ಹೋದರು. ಆದರೆ 2023ರ ಅಕ್ಟೋಬರ್‌ನಲ್ಲಿ, ದಾಖಲೆಗಳಿಲ್ಲದ ವಿದೇಶೀಯರೆಲ್ಲ ನವೆಂಬರ್ 1ರೊಳಗೆ ಹೊರಡಬೇಕು ಎಂದು ಪಾಕಿಸ್ತಾನ ಆದೇಶಿಸಿತು. ಆಶ್ರಯ ಬೇಡಿ ಬಂದ ಮುಸ್ಲಿಮನಿಗೆ ಮುಸ್ಲಿಮ್ ದೇಶದ ಬಾಗಿಲೂ ಭದ್ರವಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಇನ್ನು ಶರೀಅತ್‌ನ ಪ್ರಶ್ನೆ. ಸಂಗೀತವು ಸಂಶಯಾತೀತವಾಗಿ ಹಲಾಲ್ ಎಂದು ತೀರ್ಪು ನೀಡಲು ನಾವು ಈ ಅಂಕಣವನ್ನು ಬಳಸುತ್ತಿಲ್ಲ. ನಾಲ್ಕೂ ಮದ್‌ಹಬ್‌ಗಳ ಬಹುಸಂಖ್ಯಾತ ವಿದ್ವಾಂಸರು ತಂತಿವಾದ್ಯಗಳನ್ನು ಸಮ್ಮತಿಸಿಲ್ಲ. ಅವರ ಆಧಾರಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಆದರೆ ಆ ಆಧಾರಗಳನ್ನು ಪ್ರಶ್ನಿಸಿದವರೂ ನಮ್ಮವರೇ. ಅಂದಲೂಸಿನ ಇಮಾಮ್ ಇಬ್ನು ಹಝ್ಮ್(ರ) ವಾದ್ಯಗಳನ್ನು ನಿಷೇಧಿಸುವ ವರದಿಗಳ ಸನದುಗಳನ್ನು ವಿಮರ್ಶಿಸಿ ಅವನ್ನು ಒಪ್ಪಲಿಲ್ಲ. ಇಮಾಮ್ ಗಝ್ಝಾಲೀ(ರ) 'ಇಹ್ಯಾ'ದಲ್ಲಿ ಸಮಾಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟರು. ಮದ್ಯಪಾನಿಗಳ ಕೂಟದ ಗುರುತಾಗಿದ್ದ ವಾದ್ಯಗಳನ್ನು ಅವರು ತಡೆದರು. ಆದರೆ ಇಂಪಾದ ಧ್ವನಿಯನ್ನು ಆಲಿಸುವುದು ಮೂಲತಃ ನಿಷಿದ್ಧವಲ್ಲ ಎಂದು ಪ್ರತಿಪಾದಿಸಿದರು. ನಮ್ಮ ಕಾಲದ ಶೈಖ್ ಯೂಸುಫ್ ಅಲ್ ಖರ್ದಾವೀ ಷರತ್ತುಗಳೊಂದಿಗೆ ಅನುಮತಿಯ ಪಕ್ಷ ವಹಿಸಿದರು. ಈದ್ ದಿನ ಪ್ರವಾದಿವರ್ಯರ(ಸ) ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಹ. ಅಬೂಬಕರ್(ರ) ಗದರಿದುದೂ, ಪ್ರವಾದಿವರ್ಯರು(ಸ) ಅವರನ್ನು ತಡೆದು ಹುಡುಗಿಯರನ್ನು ಅವರಷ್ಟಕ್ಕೆ ಬಿಡಲು ಹೇಳಿದುದೂ ಬುಖಾರಿಯಲ್ಲಿದೆ. ಅರ್ಥಾತ್, ಇದು ವಿದ್ವಾಂಸರು ಭಿನ್ನಾಭಿಪ್ರಾಯ ತಾಳಿದ ವಿಷಯ. ಇಂತಹ ವಿಷಯದಲ್ಲಿ ಒಬ್ಬನು ತಾನು ದೂರವಿರುವುದು ತಖ್ವಾ. ಇನ್ನೊಬ್ಬನ ಬದುಕನ್ನು ಸುಡುವುದು ತಖ್ವಾ ಅಲ್ಲ.

ತಾಲಿಬಾನ್ ಆಡಳಿತ ತಾನು ಹನಫೀ ಮದ್‌ಹಬ್ ಅನುಸರಿಸುವುದಾಗಿ ಹೇಳುತ್ತದೆ. ಹಾಗಾದರೆ ಹನಫೀ ಮದ್ರಸಗಳ ಪಠ್ಯವಾದ 'ಹಿದಾಯ'ವನ್ನೇ ತೆರೆಯೋಣ. ಒಬ್ಬ ಮುಸ್ಲಿಮನ ತಂತಿವಾದ್ಯವನ್ನೋ ಕೊಳಲನ್ನೋ ಡೋಲನ್ನೋ ಇನ್ನೊಬ್ಬನು ಮುರಿದರೆ ಪರಿಹಾರ ತೆರಬೇಕೇ ಎಂಬ ಪ್ರಶ್ನೆ ಅದರಲ್ಲಿ ಚರ್ಚೆಗೆ ಬಂದಿದೆ. ತೆರಬೇಕು ಎಂಬುದು ಇಮಾಮ್ ಅಬೂ ಹನೀಫಾ(ರ) ಅವರ ನಿಲುವು. ಮನರಂಜನೆಯನ್ನು ಬದಿಗಿಟ್ಟು ನೋಡಿದರೂ ಆ ವಸ್ತುವಿಗೊಂದು ಬೆಲೆಯಿದೆ, ಆ ಬೆಲೆ ಮಾಲಿಕನಿಗೆ ಸಲ್ಲಬೇಕು ಎಂಬುದು ಅವರ ತರ್ಕ. ಶಿಷ್ಯರಾದ ಇಮಾಮ್ ಅಬೂ ಯೂಸುಫ್(ರ) ಮತ್ತು ಇಮಾಮ್ ಮುಹಮ್ಮದ್(ರ) ಇದನ್ನು ಒಪ್ಪಲಿಲ್ಲ. ನಂತರದವರ ಫತ್ವಾ ಶಿಷ್ಯರ ಕಡೆಗೇ ವಾಲಿತು. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಇಮಾಮರು ಸಂಗೀತಪ್ರಿಯರಾಗಿದ್ದರೆಂದು ಯಾರೂ ಭಾವಿಸಬಾರದು. ಒಮ್ಮೆ ಔತಣವೊಂದರಲ್ಲಿ ಇಂತಹ ಸಂದರ್ಭಕ್ಕೆ ಸಿಲುಕಿ ಸಹನೆ ವಹಿಸಿದೆನೆಂದು ಅವರೇ ಹೇಳಿದ್ದೂ ಅದೇ ಗ್ರಂಥದಲ್ಲಿದೆ. ತಾನು ಇಷ್ಟಪಡದ ವಸ್ತುವಿನ ವಿಷಯದಲ್ಲೂ ಅದರ ಮಾಲಿಕನ ಹಕ್ಕನ್ನು ಕಡೆಗಣಿಸದ ಈ ನ್ಯಾಯಪ್ರಜ್ಞೆಯೇ ಅವರನ್ನು 'ಇಮಾಮೆ ಅಅ್‌ಝಮ್' ಆಗಿಸಿತು.

ಕೆಡುಕನ್ನು ಕೈಯಿಂದ ತಡೆಯುವ ಅಧಿಕಾರ ಆಡಳಿತಗಾರರಿಗಿದೆ ಎಂದು ತಾಲಿಬಾನ್ ಉತ್ತರಿಸಬಹುದು. ಹಿದಾಯದ ಚರ್ಚೆಯಲ್ಲಿ ಆ ಮಾತೂ ಇದೆ. ಆದರೆ ಅಧಿಕಾರವಿರುವವನಿಗೆ ನ್ಯಾಯದ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮದುವೆಮನೆಗಳಿಂದ ವಾದ್ಯ ಕಿತ್ತುಕೊಂಡವರು ಆ ವಾದ್ಯವನ್ನೇ ನಂಬಿದ್ದ ಕುಟುಂಬಕ್ಕೆ ಬೇರೆ ಯಾವ ಜೀವನೋಪಾಯ ಕಲ್ಪಿಸಿದರು? ಫವಾದ್ ಅಂದರಾಬಿಯ ರಕ್ತಕ್ಕೆ ಯಾವ ನ್ಯಾಯಾಲಯ ಬೆಲೆ ಕಟ್ಟಿತು? ಭಿನ್ನಾಭಿಪ್ರಾಯಕ್ಕೆ ಅವಕಾಶವಿರುವ ವಿಷಯದಲ್ಲಿ ಒಂದೇ ಅಭಿಪ್ರಾಯವನ್ನು ಬಂದೂಕಿನಿಂದ ಹೇರುವವರು ಇಮಾಮರ ಹೆಸರನ್ನು ಬಳಸುತ್ತಾರೆ, ಅವರ ಗುಣವನ್ನಲ್ಲ.

ವಿಷಯ ವಾದ್ಯಗಳಿಗೇ ನಿಂತಿಲ್ಲ. ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು 2021ರಲ್ಲಿ ಮುಚ್ಚಿತು, ವಿಶ್ವವಿದ್ಯಾಲಯದ ಬಾಗಿಲು 2022ರ ಡಿಸೆಂಬರ್‌ನಲ್ಲಿ ಮುಚ್ಚಿತು. 2024ರ ಆಗಸ್ಟ್‌ನಲ್ಲಿ ಪ್ರಕಟವಾದ ಕಾನೂನು ಹೆಣ್ಣಿನ ಧ್ವನಿಯನ್ನೂ ಮರೆಮಾಡಬೇಕಾದ 'ಔರತ್' ಎಂದು ಪರಿಗಣಿಸಿತು. ಅದೇ ದೇಶದಲ್ಲಿ 1951ರಲ್ಲಿ ಪರ್ವೀನ್ ಎಂಬ ಗಾಯಕಿಯ ಧ್ವನಿ ರೇಡಿಯೋದಲ್ಲಿ ಕೇಳಿಬಂದಿತ್ತು. 1977ರಲ್ಲಿ ಮಹ್‌ವಶ್ ಎಂಬ ಗಾಯಕಿಗೆ 'ಉಸ್ತಾದ್' ಪದವಿ ದೊರೆತಿತ್ತು. ಹೆರಾತಿನ ಮನೆಗಳಲ್ಲಿ ಹೆಂಗಸರು ಮದುವೆಯ ದಿನಗಳಲ್ಲಿ ದಾಯಿರಾ ಬಾರಿಸುತ್ತಾ ಹಾಡುತ್ತಿದ್ದರು. ಬೀದರ್, ಕಲಬುರಗಿಗಳ ನಮ್ಮ ಅಜ್ಜಿಯಂದಿರು ಮದುವೆಮನೆಯಲ್ಲಿ ಢೋಲಕ್ ಹಿಡಿದು ದಖ್ಖನಿ ಗೀತೆಗಳನ್ನು ಹಾಡುತ್ತಿದ್ದಂತೆಯೇ. ತನ್ನ ಪತಿಯ ವಿಷಯವಾಗಿ ಪ್ರವಾದಿವರ್ಯರೊಡನೆ(ಸ) ವಾದಿಸಿದ ಮಹಿಳೆಯ ಮಾತನ್ನು ಅಲ್ಲಾಹನು ಆಲಿಸಿದನೆಂದು ಸಾರುತ್ತಲೇ 'ಅಲ್ ಮುಜಾದಲಃ' ಅಧ್ಯಾಯ ಆರಂಭವಾಗುತ್ತದೆ. ಹ. ಆಯಿಶಾರ(ರ) ಮಾತುಗಳಿಂದ ಎಷ್ಟೋ ಹದೀಸ್‌ಗಳು ನಮಗೆ ತಲುಪಿವೆ. ಆ ಧ್ವನಿಗಳನ್ನು ಮುಚ್ಚಿಟ್ಟಿದ್ದರೆ ನಮ್ಮ ದೀನೀ ಜ್ಞಾನದ ಗತಿ ಏನಾಗುತ್ತಿತ್ತು?

ಈಗ ಅಮೇರಿಕದ ವಿಷಯ. ಅಫ್ಘಾನಿಸ್ತಾನದ ಮೇಲೆ 2001ರಲ್ಲಿ ಬಾಂಬು ಸುರಿಸಿದವರು ಮಹಿಳೆಯರ ಮತ್ತು ಸಂಗೀತದ ವಿಮೋಚನೆಯನ್ನು ತಮ್ಮ ಯುದ್ಧಕ್ಕೆ ಅಲಂಕಾರವಾಗಿ ಬಳಸಿಕೊಂಡರು. ಇಪ್ಪತ್ತು ವರ್ಷಗಳ ನಂತರ ಕಾಬೂಲ್ ವಿಮಾನ ನಿಲ್ದಾಣದ ಗೋಡೆಯಾಚೆ ಜನರನ್ನು ಬಿಟ್ಟು ಹೊರಟುಹೋದರು. ಹಸಿದ ದೇಶದ ಕೇಂದ್ರ ಬ್ಯಾಂಕಿಗೆ ಸೇರಿದ ಸುಮಾರು 700 ಕೋಟಿ ಡಾಲರನ್ನು ತಡೆಹಿಡಿದರು. ಆ ಅನ್ಯಾಯವನ್ನು ನಾವು ಖಂಡಿಸುತ್ತೇವೆ. ಆದರೆ ಅದನ್ನು ಖಂಡಿಸುವ ನೈತಿಕ ಹಕ್ಕು ನಮಗೆ ಉಳಿಯಬೇಕಾದರೆ ನಮ್ಮವರ ಅನ್ಯಾಯವನ್ನೂ ಅನ್ಯಾಯವೆಂದೇ ಕರೆಯಬೇಕು. ನಮ್ಮ ದೇಶದಲ್ಲಿ ಏನು ತಿನ್ನಬೇಕು, ಏನು ತೊಡಬೇಕು, ಯಾವ ಭಾಷೆಯಲ್ಲಿ ಹಾಡಬೇಕು ಎಂದು ಬಲವಂತ ಮಾಡುವವರನ್ನು ನಾವು ವಿರೋಧಿಸುವುದು ಬಲವಂತ ತಪ್ಪು ಎಂಬ ಕಾರಣಕ್ಕೇ ಅಲ್ಲವೇ? ಕಾಬೂಲಿನಲ್ಲಿ ಅದೇ ಬಲವಂತ ಟೋಪಿ ಧರಿಸಿ ಬಂದಾಗ ಸರಿಯಾಗುವುದು ಹೇಗೆ?

2024ರ ಡಿಸೆಂಬರ್‌ನಲ್ಲಿ ಯುನೆಸ್ಕೋ ರಬಾಬ್ ತಯಾರಿಸುವ ಮತ್ತು ನುಡಿಸುವ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಫ್ಘಾನಿಸ್ತಾನ, ಇರಾನ್, ತಜಿಕಿಸ್ತಾನ, ಉಝ್ಬೆಕಿಸ್ತಾನಗಳ ಹೆಸರು ಒಟ್ಟಿಗೇ ಸೇರಿದುವು. ನಾಲ್ಕೂ ಮುಸ್ಲಿಮ್ ಬಹುಸಂಖ್ಯಾತ ದೇಶಗಳು. ಆದರೆ ಹೆರಾತಿನ ಹಳೆಯ ಶೈಲಿಯನ್ನು ಅರಿಯಬಯಸುವ ಅಫ್ಘಾನ್ ತರುಣ ಇಂದು ಎಪ್ಪತ್ತರ ದಶಕದಲ್ಲಿ ಅಲ್ಲಿ ತಂಗಿ ರಬಾಬ್ ಕಲಿತ ಜಾನ್ ಬೈಲಿ ಎಂಬ ಇಂಗ್ಲಿಷ್ ವಿದ್ವಾಂಸರ ಧ್ವನಿಮುದ್ರಣಗಳ ಮೊರೆಹೋಗಬೇಕಾಗಿದೆ. ಒಂದು ಸಮುದಾಯ ತನ್ನ ಮನೆಯ ವಿದ್ಯೆಯನ್ನು ಪರರ ಮನೆಯಲ್ಲಿ ಹುಡುಕುವ ಸ್ಥಿತಿಗೆ ಬರುವುದು ಇದು ಮೊದಲ ಸಲವೇನಲ್ಲ. ಬಗ್ದಾದ್, ಕೊರ್ದೊವಾಗಳ ಗ್ರಂಥಗಳ ವಿಷಯದಲ್ಲಿ ಹೀಗೇ ಆಗಿತ್ತು. ಆಗ ಸುಟ್ಟವರು ಹೊರಗಿನವರೆಂದು ನಾವು ದುಃಖಿಸುತ್ತೇವೆ. ಕೊರ್ದೊವಾದ ಗ್ರಂಥಾಲಯದಲ್ಲಿ ತತ್ವಶಾಸ್ತ್ರದ ಗ್ರಂಥಗಳನ್ನು ಸುಡಿಸಿದವನು ನಮ್ಮವನೇ ಆದ ಮನ್ಸೂರ್ ಎಂಬುದನ್ನು ಮರೆಯುತ್ತೇವೆ.

ಸಂಗೀತವನ್ನು ಆಲಿಸಬೇಕೇ ಬೇಡವೇ ಎಂಬುದನ್ನು ಪ್ರತಿಯೊಂದು ಕುಟುಂಬ ತಾನು ನೆಚ್ಚುವ ವಿದ್ವಾಂಸರನ್ನು ಕೇಳಿ ನಿರ್ಧರಿಸಲಿ. ಆಲಿಸದವರ ಸಂಯಮವನ್ನು ನಾವು ಗೌರವಿಸುತ್ತೇವೆ. ಆದರೆ ಮಕ್ಕಳು ಆ ಬೆಂಕಿಯ ಚಿತ್ರ ತೋರಿಸಿ, ಇದು ಸರಿಯೇ ಎಂದು ಕೇಳಿದಾಗ ಮಾತು ತಿರುಗಿಸದಿರೋಣ. ಇಮಾಮ್ ಅಬೂ ಹನೀಫಾ(ರ) ಅವರಿಗೆ ವಾದ್ಯ ಇಷ್ಟವಿರಲಿಲ್ಲ, ಆದರೂ ಅದನ್ನು ಮುರಿದವನು ಬೆಲೆ ತೆರಬೇಕು ಎಂದರು ಎಂಬುದನ್ನು ಮಕ್ಕಳಿಗೆ ಹೇಳೋಣ. ಹೆರಾತಿನಲ್ಲಿ ಆ ಬೆಲೆಯನ್ನು ಇನ್ನೂ ಯಾರೂ ತೆತ್ತಿಲ್ಲ.